ಅವನು ನೋಡಲೆಂದು ಉಂಡ ಊಟ

ನಮ್ಮ ಯಜಮಾನನ ಕಣ್ಣಿನ ನರ ಒಣಗುತ್ತಿದೆ ಎಂದು ಕೋಲಾರದ ಆಸ್ಪತ್ರೆಯಲ್ಲಿ ಹೇಳಿದರು. ಹೋದ ದೃಷ್ಟಿ ತಿರುಗಿ ಬರುವುದಿಲ್ಲ, ಉಳಿದಿರುವುದಕ್ಕೆ ಹನಿ ಹಾಕುತ್ತಾ ಇರಿ, ಅದೂ ಎಷ್ಟು ದಿನ ಇರುತ್ತದೋ ಹೇಳಲಿಕ್ಕಾಗದು ಅಂದರು. ಡಾಕ್ಟರಮ್ಮ ಪಾಪ ಮೆತ್ತಗೆ ಹೇಳಿದಳು. ಮೆತ್ತಗೆ ಹೇಳಿದರೂ ಅದೇ, ಜೋರಾಗಿ ಹೇಳಿದರೂ ಅದೇ.

ಅವನು ಕೆಜಿಎಫ್‌ನ ಕೋರಮಂಡಲ್ ಚಿನ್ನದ ಗಣಿ ಮುಚ್ಚುವ ತನಕ ಕೆಳಗಿಳಿದು ಕೆಲಸ ಮಾಡಿದವನು. ಆಮೇಲೆ ಒಂದು ಕಾರ್ಖಾನೆಯ ಗೇಟಿನಲ್ಲಿ ವಾಚ್‌ಮನ್ ಆಗಿ ಕೂತ. ಕಣ್ಣು ಹೇಗೆ ಕಾಣುತ್ತದೆ ಎಂದು ಡಾಕ್ಟರಮ್ಮ ಕೇಳಿದ್ದಕ್ಕೆ, "ಗಣಿಯೊಳ್ಗೆ ತಲೆಗೆ ದೀಪ ಕಟ್ಕೊಂಡಂಗೆ ಕಣಮ್ಮಾ. ದೀಪ ಬಿದ್ದಷ್ಟು ಕಾಣ್ತೈತೆ, ಸುತ್ತ ಕತ್ಲು," ಅಂದ. ದೀಪದ ಬೆಳಕಿನ ಆ ದುಂಡು ಬಿಲ್ಲೆ ದಿನದಿಂದ ದಿನಕ್ಕೆ ಚಿಕ್ಕದಾಗುತ್ತಾ ಇತ್ತು. ಬೆಳಕು ಚೆನ್ನಾಗಿದ್ದರೆ ಬಿಲ್ಲೆಯೊಳಗೆ ಬಿದ್ದದ್ದು ಸರಿಯಾಗಿ ಕಾಣುತ್ತಿತ್ತು. ಮಬ್ಬಾದರೆ ಅದೂ ಇಲ್ಲ.

ಅವನು ಅಂತ ಹೇಳುತ್ತಿದ್ದೇನೆ. ಅತ್ತೆ ಬದುಕಿರುವವರೆಗೂ ನೀವು ಅನ್ನುತ್ತಿದ್ದೆ. ಅತ್ತೆಯನ್ನು ಮಣ್ಣು ಮಾಡಿ ಬಂದ ಮೇಲೆ ನೀನು ಆಯಿತು. ಅವನೂ ಯಾಕೆ ಅಂತ ಕೇಳಲಿಲ್ಲ.

ಆಸ್ಪತ್ರೆಯಿಂದ ಬರುವಾಗ ಬಸ್ಸಿನಲ್ಲಿ ನಾನೇ ಕೇಳಿದೆ.

"ನೋಡ್ಬೇಕು ಅನ್ನೋದು ಏನಾರ ಇದ್ರೆ ಈಗ್ಲೇ ಏಳು. ತಿರುಪ್ತಿಗೆ ಓಗಾನಾ?"

"ತಿಮ್ಮಪ್ಪನ್ನ ನೋಡಿದೀನಿ. ಕಣ್ ತುಂಬ್ಕೊಳೋಕ್ ಮುಂಚೆ ಜರುಗು ಜರುಗು ಅಂತ ನೂಕ್ತಾರೆ."

"ಮತ್ತೆ?"

ಅವನು ಕಿಟಕಿಯ ಕಡೆ ತಿರುಗಿ ಕೂತ. ಕ್ಯಾಸಂಬಳ್ಳಿ ದಾಟಿ ನಾವು ಬಸ್ಸಿಳಿಯುವ ನಮ್ಮೂರ ಗೇಟು ಬರುವ ಹೊತ್ತಿಗೆ ಬಾಯಿಬಿಟ್ಟ.

"ನೀನ್ ಉಣ್ಣೋದ ನಾನ್ ಯಾವತ್ತೂ ನೋಡಿಲ್ಲ ಕಣೇ."

"ಅಸ ತಿನ್ನೋದ ನೋಡಿದೀಯಲ್ಲ. ಅಂಗೇ," ಅಂದೆ. ನಮ್ಮ ಮನೆಯ ಹಸುವಿನ ಮಾತು ಅದು. ಅವನು ನಗಲಿಲ್ಲ.

ಅವನು ಹೇಳಿದ್ದು ನಿಜವೇ. ನಮ್ಮ ಕಡೆ ಗಂಡಸರು ಉಂಡು ಕೈ ತೊಳೆದು ಎದ್ದ ಮೇಲೆ ಹೆಂಗಸರು ಅಡಿಗೆಮನೆಯ ಬಾಗಿಲ ಮರೆಗೆ ಕೂತು ಉಣ್ಣುವುದು. ಗಂಡ ಉಂಡ ತಟ್ಟೆಯಲ್ಲೇ ಹೆಂಡತಿ ಉಣ್ಣಬೇಕು. ನಮ್ಮಮ್ಮ ಹಾಗೆ ಉಂಡಳು, ಅತ್ತೆಯೂ ಹಾಗೆ ಉಂಡಳು, ನಾನೂ ಉಂಡೆ. ಕಷ್ಟ ಅಂತ ಹೇಳಿಕೊಳ್ಳುತ್ತಿಲ್ಲ. ಬಾಗಿಲ ಮರೆ ನನಗೆ ಹಿತವಾಗಿಯೇ ಇತ್ತು. ಅಲ್ಲಿ ಹೇಗೆ ಉಂಡರೂ ಕೇಳುವವರಿಲ್ಲ. ಅತ್ತೆ ಹೋದಳು, ಮಗಳನ್ನು ಪಕ್ಕದೂರಿಗೆ ಕೊಟ್ಟೆವು, ಮನೆಯಲ್ಲಿ ನಾವಿಬ್ಬರೇ ಆದೆವು. ಆದರೂ ಬಾಗಿಲ ಮರೆ ಬಿಡಲಿಲ್ಲ. ಯಾರ ಕಣ್ಣಿಗೆ ಮರೆ ಅಂತ ಯಾವತ್ತೂ ಯೋಚನೆ ಮಾಡಿದವಳಲ್ಲ.

ಸರಿ, ಅಷ್ಟೇ ತಾನೇ ಅಂತ ಮಾರನೆ ದಿನ ನನಗೂ ಒಂದು ತಟ್ಟೆ ಇಟ್ಟುಕೊಂಡು ಅವನ ಎದುರಿಗೆ ಕೂತೆ. ಮುದ್ದೆ, ಸೊಪ್ಪಿನ ಸಾರು. ಅವನಿಗೆ ಸಾರು ಬಿಟ್ಟೆ. ಉಪ್ಪು ತರಲು ಎದ್ದೆ. ಕೂತೆ. ಹಸು ಕೂಗಿತು ಎಂದು ಎದ್ದೆ. ನೀರಿನ ಚೊಂಬು ಮರೆತಿದ್ದೆ, ಅದಕ್ಕೆ ಎದ್ದೆ. ಅಷ್ಟು ಹೊತ್ತಿಗೆ ಅವನದು ಮುಗಿದಿತ್ತು, ನನ್ನ ಮುದ್ದೆ ಹಾಗೇ ಕೂತಿತ್ತು. ಇನ್ನೊಂದು ದಿನ ನೋಡಿದೆವು, ಅದೇ ಆಯಿತು. ಮೂರನೆಯ ಸಲ ಅವನು ನನ್ನ ಸೆರಗು ಹಿಡಿದು ಕೂರಿಸಿದ. ಕೂತೆ. ಮುರಿದ ತುತ್ತನ್ನು ತಟ್ಟೆಗೇ ಹಾಕಿದೆ. ಒಲೆಯ ಮೇಲೆ ಹಾಲಿದೆ ಎಂದು ಸುಳ್ಳು ಹೇಳಿ ಎದ್ದು ಹೋದೆ.

"ಇದು ಮನೇಲಿ ಆಗೋ ಕೆಲ್ಸ ಅಲ್ಲ," ಅಂದ. "ಓಟ್ಲಿಗೆ ಓಗಾನ. ಅಲ್ಲಿ ನೀನ್ ಎದ್ದೋಗಕ್ಕೆ ಒಲೆನೂ ಇಲ್ಲ, ಅಸಾನೂ ಇಲ್ಲ."

"ಬಸ್ ಸ್ಟ್ಯಾಂಡ್ ಅತ್ರ ಇಡ್ಲಿ ತಿಂದ್ ಬರಾನ ನಡಿ."

"ಅಲ್ಲಿ ತಿನ್ನೋಕ್ ಮುಂಚೆ ಕುರ್ಚಿ ಇಂದೆ ಇನ್ನೊಬ್ಬ ಬಂದ್ ನಿಂತಿರ್ತಾನೆ. ಯಾವಾಗ ಏಳ್ತೀಯಾ ಅಂತ ತಟ್ಟೆನೇ ನೋಡ್ತಾನೆ. ಬಂಗಾರಪೇಟೆ ರೋಡಲ್ಲಿ ಗಾಜಿನ ಓಟ್ಲು ಐತಲ್ಲ, ಅಲ್ಲಿಗೇ ಓಗ್ಬೇಕು. ಅಲ್ಲಿ ಕೂತೋರ್ನ ಏಳು ಅನ್ನಲ್ಲ."

ಆ ಹೋಟೆಲನ್ನು ಬಸ್ಸಿನಿಂದ ನೋಡಿದ್ದೆವು. ಹಗಲು ಬರೀ ಕಪ್ಪು ಗಾಜು. ಸಂಜೆಯಾದರೆ ಮೇಲಿಂದ ಕೆಳಗಿನವರೆಗೆ ದೀಪದ ಸರ ಇಳಿಬಿಟ್ಟು ಮದುವೆಮನೆಯ ಹಾಗೆ ಬೆಳಗುತ್ತಿತ್ತು. ಅಷ್ಟು ಬೆಳಕು ಹೊರಗೇ ಇದ್ದರೆ ಒಳಗೆ ಇನ್ನೆಷ್ಟಿರಬೇಕು, ಅಲ್ಲಿ ತನ್ನ ಕಣ್ಣಿಗೆ ಎಲ್ಲಾ ಕಾಣುತ್ತದೆ ಎಂದು ಅವನ ಲೆಕ್ಕ. ಅದಕ್ಕೇ ಸಂಜೆ ಹೋಗೋಣ ಅಂದ. ನನಗೂ ಅದು ಸರಿಯೆನಿಸಿತು.

ದುಡ್ಡು ಡೈರಿಯ ಬಟವಾಡೆಯಲ್ಲಿ ಬಂದದ್ದು. ಹಿಂಡಿ ಬೂಸಾದವನಿಗೆ ಕೊಟ್ಟು ಉಳಿದದ್ದನ್ನು ಕಣ್ಣಿನ ಹನಿಗೆ ಅಂತ ಎತ್ತಿಡುತ್ತೇನೆ. ಹನಿ ತಂದ ಮೇಲೂ ಒಂದಿಷ್ಟು ಮಿಕ್ಕಿತು, ಅದನ್ನು ಕರ್ಚೀಫಿನಲ್ಲಿ ಗಂಟು ಹಾಕಿಕೊಂಡೆ. ಮಗಳಿಗೆ ಹೇಳಲಿಲ್ಲ. ಹೇಳಿದ್ದರೆ ಊರೆಲ್ಲ ಕೇಳುವ ಹಾಗೆ ನಗುತ್ತಿದ್ದಳು. ಸಂಜೆಯ ಹಾಲು ಬೇಗ ಕರೆದು ಡೈರಿಗೆ ಹಾಕಿ, ಮದುವೆಗೆ ಉಡುವ ಸೀರೆ ಉಟ್ಟುಕೊಂಡು ಹೊರಟೆ. ಪಕ್ಕದ ಮನೆಯವಳು ಗೇಟಿನಲ್ಲೇ ಹಿಡಿದಳು.

"ಯಾರ್ ಮದ್ವೆ ಅಕ್ಕಾ?"

"ನಂದೇ," ಅಂದೆ. ಅವಳು ದಾರಿ ಬಿಟ್ಟಳು.

ಸರ್ಕಾರಿ ಬಸ್ಸಿನಲ್ಲಿ ನನಗೆ ಟಿಕೆಟ್ ಇಲ್ಲ, ಅವನಿಗೆ ಮಾತ್ರ. ಹೋಟೆಲಿನ ಮುಂದೆ ಇಳಿದಾಗ ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ದೀಪದ ಸರಗಳು ಆಗಲೇ ಹತ್ತಿದ್ದವು. ಅವನು ನಿಂತು ಅವನ್ನು ಮೇಲಿಂದ ಕೆಳಗೆ ನೋಡಿ, "ನಾನ್ ಏಳ್ಲಿಲ್ವಾ?" ಅಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ. ಬಾಗಿಲು ಕಾಯುವವನು ಹಿಂದೆಯೇ ಚಪ್ಪಲಿ ಹಿಡಿದು ಬಂದು, ಇಲ್ಲಿ ಹಾಕಿಕೊಂಡೇ ಹೋಗಬಹುದು ಅಜ್ಜ ಎಂದು ಕಾಲ ಬಳಿ ಇಟ್ಟ. ಒಳ್ಳೆಯ ಮನುಷ್ಯ.

ಬಾಗಿಲು ಮುಚ್ಚಿಕೊಂಡಿತು. ಒಳಗೆ ಕತ್ತಲು.

ಪೂರ್ತಿ ಕತ್ತಲಲ್ಲ. ಒಂದೊಂದು ಮೇಜಿನ ಮೇಲೆ ಒಂದೊಂದು ಗಾಜಿನ ಲೋಟ, ಅದರೊಳಗೆ ಬೆರಳುದ್ದ ಮೇಣದ ಬತ್ತಿ. ದೇವರ ಮನೆಯಲ್ಲಾದರೂ ಅದಕ್ಕಿಂತ ಬೆಳಕಿರುತ್ತದೆ. ಅಲ್ಲಲ್ಲಿ ಜೋಡಿಗಳು ಕೂತಿದ್ದವು, ಮುಖ ಕಾಣುತ್ತಿರಲಿಲ್ಲ. ಎಲ್ಲಿಂದಲೋ ಸಣ್ಣಗೆ ಸಂಗೀತ ಬರುತ್ತಿತ್ತು. ಕೊರಳಿಗೆ ಚಿಟ್ಟೆಯ ಹಾಗೆ ಕಪ್ಪು ಪಟ್ಟಿ ಕಟ್ಟಿಕೊಂಡ ನಡುವಯಸ್ಸಿನ ಸರ್ವರು ಬಂದು, "ವಾಂಗಮ್ಮಾ, ಉಕ್ಕಾರುಂಗ," ಅಂದ. ನನ್ನ ಮುಖ ನೋಡಿ ತಮಿಳು ಬಿಟ್ಟು ಕನ್ನಡಕ್ಕೆ ತಿರುಗಿಕೊಂಡ. ಕೆಜಿಎಫ್‌ನವರೆಲ್ಲ ಹಾಗೆ.

"ಕರೆಂಟ್ ಓಗೈತಾ?" ಅಂದೆ.

"ಇಲ್ಲಮ್ಮಾ. ಇಲ್ಲಿ ಇಂಗೇನೇ. ಜೋಡಿ ಬರೋರ್ಗೆ ಇದೇ ಇಷ್ಟ."

"ಮಕ ಕಾಣ್ದಂಗೆ ಕೂರೋದು ಇಷ್ಟನಾ?"

"ಅವ್ರೆಲ್ಲಿ ಮುಖ ನೋಡ್ತಾರಮ್ಮಾ, ಫೋನ್ ನೋಡ್ತಾರೆ," ಅಂದ ಮೆಲ್ಲಗೆ.

ಯಜಮಾನ ಮೇಜಿನ ಅಂಚು ತಡವಿಕೊಂಡು ಕೂತ. ನಾನು ಎದುರಿಗೆ ಕೂತೆ. ಮೆತ್ತನೆಯ ಕುರ್ಚಿ, ಒಳಕ್ಕೆ ಎಳೆದುಕೊಳ್ಳುವಂಥದ್ದು. ನಿಜ ಹೇಳುತ್ತೇನೆ, ಆ ಕತ್ತಲು ನೋಡಿ ನನಗೆ ಜೀವ ಬಂದ ಹಾಗಾಯಿತು. ಮನೆಯ ಬಾಗಿಲ ಮರೆ ಇಲ್ಲಿಗೂ ಬಂದಂತಿತ್ತು. ಯಾರೂ ನೋಡುವುದಿಲ್ಲ, ನೆಮ್ಮದಿಯಾಗಿ ಉಂಡು ಹೋಗಬಹುದು. ಊಟ ಮಾಡಿದೆ ಅಂತಲೂ ಆಯಿತು, ಅವನ ಮಾತು ನಡೆಸಿದೆ ಅಂತಲೂ ಆಯಿತು.

ಸರ್ವರು ತಿನಿಸುಗಳ ಪಟ್ಟಿಯಿದ್ದ ದಪ್ಪ ರಟ್ಟಿನ ಪುಸ್ತಕ ತಂದಿಟ್ಟ. ಬಸ್ಸಿನ ಬೋರ್ಡು ಓದುವಷ್ಟು ಅಕ್ಷರ ನನಗೆ ಬರುತ್ತದೆ. ಅದರಲ್ಲಿದ್ದದ್ದು ಇಂಗ್ಲಿಷು. ಬರದು ಅಂದೆ. ಸರ್ವರೇ ಬಾಯಿಂದ ಹೇಳುತ್ತಾ ಹೋದ, ಪನೀರು ಅಂತ ಏನೋ ಒಂದಕ್ಕೆ ರೇಟು ಹೇಳಿದ.

"ಪನೀರು ಅಂದ್ರೆ ಏನಪ್ಪಾ?"

"ಹಾಲು ಒಡ್ಸಿ ಮಾಡೋದಮ್ಮಾ."

"ನಮ್ಮನೇಲಿ ಆಲು ಒಡದ್ರೆ ಅಳ್ತೀವಿ. ನೀವು ಅದ್ಕೆ ಇಷ್ಟು ದುಡ್ ಇಸ್ಕೊತೀರಾ?"

ಸರ್ವರು ನಕ್ಕ. ನಾನು ಕರ್ಚೀಫಿನ ಗಂಟನ್ನು ಮನಸ್ಸಿನಲ್ಲೇ ಬಿಚ್ಚಿ ನೋಡಿ, "ಒಂದ್ ಜನಕ್ಕೆ ರೊಟ್ಟಿ, ಏನಾರ ಒಂದ್ ತರಕಾರಿ ಪಲ್ಯ ತಗಂಡ್ ಬಾ ಸಾಕು. ಇವ್ರು ಉಂಡ್ ಎದ್ಮೇಲೆ ಅದೇ ತಟ್ಟೇಲಿ ನಾನ್ ಉಣ್ತೀನಿ," ಅಂದೆ. ಯೋಚಿಸಿ ಅಂದದ್ದಲ್ಲ, ಬಾಯಿಗೆ ಬಂದುಬಿಟ್ಟಿತು.

ಯಜಮಾನ ಮೇಜಿನ ಮೇಲೆ ಕೈ ಕುಟ್ಟಿದ. "ಇದ್ಕಾ ನಾನು ಬಸ್ ಅತ್ಕೊಂಡ್ ಬಂದಿದ್ದು?"

"ಗಮ್ಮನಿರು. ಎಲ್ರೂ ನೋಡ್ತಾರೆ."

"ನೋಡ್ಲಿ. ನಂಗೆ ಯಾರೂ ಕಾಣ್ತಾ ಇಲ್ಲ."

ಸರ್ವರು ನಡುವೆ ಬಾಯಿ ಹಾಕಿದ. "ಅಮ್ಮಾ, ಇಲ್ಲಿ ಒಂದ್ ಪಲ್ಯ ತಗೊಂಡ್ರೆ ಇಬ್ರಿಗೆ ಆಗತ್ತೆ. ರೊಟ್ಟಿ ಬೇಕಾದಷ್ಟೇ ಹೇಳಿ. ತಟ್ಟೆ ಎರಡು ತರ್ತೀನಿ."

"ತಟ್ಟೆಗೆ ದುಡ್ಡಿಲ್ವಾ?"

"ತಟ್ಟೆಗೆ ಯಾರಮ್ಮಾ ದುಡ್ ಇಸ್ಕೊತಾರೆ?"

ಹಾಗಾದರೆ ಎರಡು ತಟ್ಟೆ ಅಂತ ಒಪ್ಪಿಕೊಂಡೆ. ಸರ್ವರು ಹೋದ.

ಆಗ ನಮ್ಮ ಯಜಮಾನ ಮಾತಾಡಲು ಶುರು ಮಾಡಿದ. ಜಾಗ ಚೆನ್ನಾಗಿದೆ, ತಣ್ಣಗಿದೆ, ಕುರ್ಚಿ ಮೆತ್ತಗಿದೆ. ನಗುತ್ತಾ ಮಾತಾಡುತ್ತಿದ್ದ. ಆದರೆ ಅವನು ಮಾತಾಡುತ್ತಿದ್ದದ್ದು ನನ್ನ ಪಕ್ಕದ ಖಾಲಿ ಕುರ್ಚಿಯ ಜೊತೆ. ನಾನು ಅಲ್ಲಿ ಕೂತಿದ್ದೇನೆ ಎಂದುಕೊಂಡಿದ್ದ.

"ನಿಂಗ್ ಕಾಣ್ತಾ ಐತಾ?" ಅಂದೆ.

ದನಿ ಬಂದ ಕಡೆಗೆ ಕತ್ತು ತಿರುಗಿಸಿದ. "ಕಾಣ್ತೈತೆ. ಚೆನ್ನಾಗ್ ಕಾಣ್ತೈತೆ."

"ನನ್ ಕೈ ಎಲ್ಲೈತೆ ಏಳು ನೋಡಾನ."

ಮೇಜಿನ ಮೇಲೆ ಒಂದು ಸಲ ಕೈಯಾಡಿಸಿ ಹಿಂದಕ್ಕೆ ಎಳೆದುಕೊಂಡ. "ಇರ್ಲಿ ಬಿಡು. ಜತೇಲಿ ಕೂತಿದೀವಲ್ಲ, ಅಷ್ಟೇ ಸಾಕು," ಅಂದ.

ಸಾಕು ಅನ್ನುವ ಮಾತನ್ನು ಅವನು ಬೇಕು ಅನ್ನುವಾಗಲೇ ಆಡುವುದು. ಮುದ್ದೆ ಬಡಿಸುವಾಗಲೂ ಹಾಗೇ. ಅವನು ಸಾಕು ಅಂದ ಮೇಲೆ ಇನ್ನರ್ಧ ಇಟ್ಟರೆ ಸರಿಯಾಗುತ್ತದೆ. ನನಗೆ ಕತ್ತಲು ಬೇಕಿತ್ತು, ಅವನಿಗೆ ಬೆಳಕು. ಇವತ್ತು ಬಿಟ್ಟರೆ ನನಗೆ ಕತ್ತಲು ಎಲ್ಲಾದರೂ ಸಿಗುತ್ತದೆ. ಅವನ ಬಿಲ್ಲೆ ಇನ್ನೊಂದು ಬಟವಾಡೆಯ ಹೊತ್ತಿಗೆ ಎಷ್ಟು ಉಳಿದಿರುತ್ತದೋ ಯಾರಿಗೆ ಗೊತ್ತು. ಕುರ್ಚಿಯಿಂದ ಕಷ್ಟಪಟ್ಟು ಎದ್ದು ಸರ್ವರನ್ನು ಕರೆದೆ.

"ಲೈಟ್ ಆಕಪ್ಪ. ಇವ್ರ್ಗೆ ಕಣ್ ಸರಿಯಿಲ್ಲ."

"ಬೇರೆಯೋರು ಬೈತಾರಮ್ಮಾ."

"ಬೆಳಕಿರೋ ಜಾಗ ಎಲ್ಲೂ ಇಲ್ವಾ?"

ಸರ್ವರು ತಲೆ ಕೆರೆದುಕೊಂಡ. "ಅಡಿಗೆಮನೆ ಬಾಗಿಲ ಹತ್ರ ಒಂದ್ ಟೇಬಲ್ ಐತೆ. ಟ್ಯೂಬ್‌ಲೈಟ್ ಕೆಳಗೆ. ಅಲ್ಲಿ ಯಾರೂ ಕೂರಲ್ಲಮ್ಮಾ, ಬರೀ ಪಾತ್ರೆ ಸದ್ದು, ಹೋಗೋರು ಬರೋರು. ದುಡ್ ಕೊಟ್ಟು ಅಲ್ಲಿ ಯಾಕ್ ಕೂರ್ತೀರ?"

"ಪಾತ್ರೆ ಸದ್ದಲ್ಲೇ ಉಂಡು ಅಭ್ಯಾಸ. ನಡಿ."

ಗಂಡನ ತೋಳು ಹಿಡಿದು ಅಲ್ಲಿಗೆ ಕರೆದುಕೊಂಡು ಹೋದೆ. ಅದು ಸಾದಾ ಮೇಜು, ಮೇಲೆ ಬಟ್ಟೆಯೂ ಇಲ್ಲ. ಪಕ್ಕದ ಗೋಡೆಗೆ ತಟ್ಟೆಗಳನ್ನು ಒಟ್ಟಿದ್ದರು. ತಲೆಯ ಮೇಲೇ ಉದ್ದನೆಯ ಟ್ಯೂಬ್‌ಲೈಟು, ಕಣ್ಣು ಕುಕ್ಕುವ ಹಾಗೆ ಉರಿಯುತ್ತಿತ್ತು. ಆ ಬೆಳಕಿನಲ್ಲಿ ನನ್ನ ಸೀರೆಯ ಹಳೆಯ ಕಲೆಯೂ ಕಾಣಿಸಿತು. ಅವನು ಕೂತು, ಕತ್ತನ್ನು ಅತ್ತ ಇತ್ತ ಆಡಿಸಿ ನನ್ನನ್ನು ಹುಡುಕಿಕೊಂಡ. ಸಿಕ್ಕಿದೆ. ಅವನ ಮುಖ ಸಡಿಲವಾದದ್ದು ನನಗೆ ಗೊತ್ತಾಯಿತು.

ರೊಟ್ಟಿ ಬಂತು, ಬೆಣ್ಣೆ ಸವರಿದ್ದು. ಬದನೆಕಾಯಿಯ ಪಲ್ಯವೊಂದು ಬಂತು. ಸರ್ವರು ಬಡಿಸಲು ಚಮಚ ಎತ್ತಿದ. ನಾನು ಕೈ ಚಾಚಿ ಅದನ್ನು ಕಿತ್ತುಕೊಂಡೆ.

"ಬಿಡು ಅದ್ನ," ಅಂದ ಯಜಮಾನ. "ಅವ್ರ ಕೆಲ್ಸ ಅವ್ರ್ ಮಾಡ್ಲಿ."

ಬಿಟ್ಟೆ. ಕೈಗೆ ಕೆಲಸವಿಲ್ಲದೆ ಕೂತಾಗ ಕೈ ಎಲ್ಲಿಡಬೇಕೋ ತಿಳಿಯುವುದಿಲ್ಲ. ಮಡಿಲಲ್ಲಿಟ್ಟುಕೊಂಡೆ. ನನ್ನ ತಟ್ಟೆಗೂ ಬಡಿಸಿ ಸರ್ವರು ಹೋದ. ರೊಟ್ಟಿ ಮುರಿದು ಗೋಡೆಯ ಕಡೆ ತಿರುಗಿ ಬಾಯಿಗಿಟ್ಟುಕೊಂಡೆ.

"ಈ ಕಡೆ ತಿರುಗು."

ತಿರುಗಿದೆ. ನಾಚಿಕೆ. ಈ ವಯಸ್ಸಿನಲ್ಲಿ ನಾಚಿಕೆ ಅಂದರೆ ಯಾರಾದರೂ ನಗುತ್ತಾರೆ, ಆದರೆ ಬಂದದ್ದು ನಾಚಿಕೆಯೇ. ಒಂದೇ ಒಂದು ಸಲ ಅವನ ಜೊತೆ ಕೂತು ಉಂಡಿದ್ದೆ, ಮದುವೆಯ ಬೂವದಲ್ಲಿ. ಗಂಡು ಹೆಣ್ಣನ್ನು ಒಂದೇ ಎಡೆಗೆ ಕೂರಿಸಿ ಉಣ್ಣಿಸುವ ಶಾಸ್ತ್ರ ಅದು. ಅವತ್ತು ಸುತ್ತ ಹೆಂಗಸರು ಛೇಡಿಸುತ್ತಿದ್ದರು. ನಾನು ಸೆರಗಿನೊಳಗೆ ತಲೆ ಬಗ್ಗಿಸಿದ್ದೆ. ಅವನಿಗೆ ಕಂಡದ್ದು ನನ್ನ ಕೈಯೊಂದೇ, ಅದೂ ಅರಿಶಿನ ಮೆತ್ತಿಕೊಂಡದ್ದು.

ಈಗ ಅವನು ನೋಡುತ್ತಿದ್ದ. ಎಲ್ಲ ಒಟ್ಟಿಗೆ ಕಾಣುವುದಿಲ್ಲವಲ್ಲ, ಮೊದಲು ಕೈ ನೋಡಿದ, ಆಮೇಲೆ ಮುಖ ಎತ್ತಿ ಬಾಯಿ ನೋಡಿದ, ಆಮೇಲೆ ಕೆನ್ನೆ. ಗಣಿಯೊಳಗೆ ತಲೆಯ ಮೇಲಿನ ಬಂಡೆ ಗಟ್ಟಿಯಾಗಿದೆಯೋ ಬಿರುಕು ಬಿಟ್ಟಿದೆಯೋ ಎಂದು ದೀಪ ಆಡಿಸಿ ನೋಡುತ್ತಾರಂತೆ, ಅವನೇ ಹೇಳುತ್ತಿದ್ದ. ಹಾಗೆ ನೋಡಿದ.

"ನೀನ್ ಎಡಗಡೆಗೇ ಅಗೀತೀಯಾ," ಅಂದ.

"ಬಲಗಡೆ ಅಲ್ಲು ಬಿದ್ದೋಗಿ ಎಷ್ಟೋ ವರ್ಸ ಆಯ್ತು."

"ನಂಗ್ ಏಳ್ಲೇ ಇಲ್ಲ."

"ಏಳಿದ್ರೆ ನೀನ್ ಅಗ್ದು ಕೊಡ್ತಿದ್ದಾ?"

ನಕ್ಕ. ಒಳಗಿನಿಂದ ಒಬ್ಬ ತಟ್ಟೆಗಳನ್ನು ಹೊತ್ತು ನಮ್ಮಿಬ್ಬರ ನಡುವೆಯೇ ತೂರಿಕೊಂಡು ಹೋದ. ಅವನು ದಾಟುವ ತನಕ ಯಜಮಾನ ಕಾದು, ಮತ್ತೆ ನನ್ನನ್ನು ಹುಡುಕಿಕೊಂಡ.

"ಯಾಕಂಗ್ ಓಡ್ತೀಯಾ? ಯಾರಾರ ಅಟ್ಟಿಸ್ಕೊಂಡ್ ಬತ್ತಾವ್ರಾ?"

ತಟ್ಟೆ ನೋಡಿಕೊಂಡೆ. ರೊಟ್ಟಿ ಮುಕ್ಕಾಲು ಖಾಲಿ. ಅವನು ಇನ್ನೂ ಮುಟ್ಟಿಯೇ ಇರಲಿಲ್ಲ. ಬಾಗಿಲ ಮರೆಯಲ್ಲಿ ಉಣ್ಣುವಾಗ ಒಳಗಿಂದಲೋ ಹೊರಗಿಂದಲೋ ಕೂಗು ಬರುತ್ತದೆ, ಅದು ಬರುವುದರೊಳಗೆ ಮುಗಿಸಬೇಕು. ಕೂಗುವವರು ಹೋಗಿ ಎಷ್ಟೋ ಕಾಲವಾಯಿತು. ದವಡೆಗೆ ಅದು ಗೊತ್ತಿಲ್ಲ.

"ನೀನ್ ಯಾಕ್ ತಿಂತಾ ಇಲ್ಲ? ಆರೋಯ್ತು."

"ಎರಡೂ ಆಗಲ್ಲ ಕಣೇ. ತಟ್ಟೆ ನೋಡಿದ್ರೆ ನೀನ್ ಕಾಣಲ್ಲ. ನಿನ್ನ ನೋಡಿದ್ರೆ ತಟ್ಟೆ ಕಾಣಲ್ಲ."

ಇದನ್ನು ಅವನು ದುಃಖದಿಂದ ಹೇಳಲಿಲ್ಲ. ಇವತ್ತು ಬಿಸಿಲು ಜಾಸ್ತಿ ಅನ್ನುವ ಹಾಗೆ ಹೇಳಿದ. ನಾನು ಅವನ ತಟ್ಟೆಯಿಂದ ರೊಟ್ಟಿ ತೆಗೆದು, ಮುರಿದು, ಪಲ್ಯ ಸುತ್ತಿ ಅವನ ಅಂಗೈಯಲ್ಲಿಟ್ಟೆ. "ತಟ್ಟೆ ನೋಡ್ಬೇಡ. ನಾನ್ ಕೊಡ್ತೀನಿ. ನೀನ್ ನೋಡ್ತಾ ಇರು," ಅಂದೆ. ಅವನು ಬಾಯಿಗಿಟ್ಟುಕೊಂಡ. ನಾನೂ ಒಂದು ಚೂರು ಇಟ್ಟುಕೊಂಡೆ. ಅವನಿಗೊಂದು, ನನಗೊಂದು. ಅವನು ಅಗಿದು ಮುಗಿಸುವ ತನಕ ನಾನೂ ಅಗಿಯಬೇಕಾಯಿತು, ಹಾಗಾಗಿ ನನ್ನ ಓಟ ತಾನೇ ನಿಂತಿತು. ಆ ರೊಟ್ಟಿಗೆ ಒಂದು ಸಿಹಿ ಇತ್ತು. ಮೈದಾದ್ದೋ ಬೆಣ್ಣೆಯದೋ, ನಿಧಾನವಾಗಿ ಅಗಿದದ್ದಕ್ಕೆ ಗೊತ್ತಾಯಿತು.

"ಉಣ್ಣೋವಾಗ ನಿನ್ ಉಬ್ಬು ಮ್ಯಾಕ್ಕೋಗ್ತೈತೆ," ಅಂದ.

"ಯಾವ್ ಉಬ್ಬು?"

"ಒಂದೇ. ಎಡಗಡೇದು. ಲೆಕ್ಕ ಆಕೋವಾಗ ಓಗ್ತದಲ್ಲ, ಅಂಗೆ."

ನನ್ನ ಹುಬ್ಬನ್ನು ನಾನು ನೋಡಿದವಳಲ್ಲ. ಇರಬಹುದು.

ಪಲ್ಯ ತಳ ಕಂಡಿತು, ರೊಟ್ಟಿ ಮುಗಿಯಿತು. ಸರ್ವರು ಬಂದು ಸಿಹಿ ಏನಾದರೂ ಬೇಕೇ ಎಂದು ಕೇಳಿದ. ಬೇಡ ಅಂದೆ. ಬಿಲ್ಲು ತರಲೇ ಎಂದು ಕೇಳಿದ. ಹೊಟ್ಟೆ ತುಂಬಿತ್ತು. ಕರ್ಚೀಫಿನಲ್ಲಿ ಊಟದ್ದು ಕಳೆದು ಅವನ ಬಸ್ ಟಿಕೆಟ್ಟಿನ ಮೇಲೆ ಚೂರುಪಾರು ಮಿಕ್ಕುತ್ತಿತ್ತು. ಅದನ್ನು ಹಸುವಿನ ಹಗ್ಗಕ್ಕೆ ಅಂತ ಅಂದುಕೊಂಡಿದ್ದೆ. ತಲೆಯೆತ್ತಿ ನೋಡಿದರೆ ನಮ್ಮ ಯಜಮಾನ ಕೈ ಒರೆಸಿಕೊಂಡು, ಮೇಜಿಗೆ ಮೊಣಕೈ ಊರಿ, ಇನ್ನೂ ಹಾಗೇ ನೋಡುತ್ತಾ ಕೂತಿದ್ದ. ಮುಗಿಯಿತು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

"ಸಾಕಾ?" ಅಂತ ಅವನನ್ನು ಕೇಳಿದೆ.

"ಸಾಕು," ಅಂದ.

"ಇನ್ನೊಂದ್ ರೊಟ್ಟಿ ತಗಂಡ್ ಬಾಪ್ಪಾ," ಅಂದೆ ಸರ್ವರಿಗೆ. "ನಂಗೆ."

ಬಿಸಿಯಾಗಿ ಬಂತು. ಪಲ್ಯ ಇರಲಿಲ್ಲ, ಬರೀ ರೊಟ್ಟಿ. ಅದನ್ನು ಸಣ್ಣ ಸಣ್ಣ ಚೂರು ಮಾಡಿಕೊಂಡು, ಬೆಳಕು ಮುಖಕ್ಕೆ ಬೀಳುವ ಹಾಗೆ ಸ್ವಲ್ಪ ಮುಂದಕ್ಕೆ ಬಗ್ಗಿ, ಒಂದೊಂದೇ ತಿಂದೆ.